ಸೂರ್ಯಕಾಂತಿ ಒಂದೇ ಹೂವಲ್ಲ: ಬಿಡಿಸಿ ನೋಡುವ ಬಗೆ

ಪ್ರಶ್ನೆ: ಸೂರ್ಯಕಾಂತಿಯನ್ನು ಉದ್ದಕ್ಕೆ ಸೀಳಿದಾಗ ನಡುಭಾಗ ಜಜ್ಜಿ ಮುದ್ದೆಯಾಗುತ್ತದೆ. ಅದರಲ್ಲಿ ಒತ್ತಾಗಿ ಸೇರಿರುವ ಕಿರುಹೂಗಳನ್ನು ಬಿಡಿಯಾಗಿ ನೋಡುವುದು ಹೇಗೆ? ಪ್ರತಿ ಕಿರುಹೂವಿಗೂ ಅಂಟಿಕೊಂಡಿರುವ ಒಣ ಹಾಳೆಯೇ ಅದರ ಪುಷ್ಪಪಾತ್ರೆಯೇ (ದಳಗಳ ಹೊರಗಿನ ಸುತ್ತು)?

ಉತ್ತರ: ಬ್ಲೇಡನ್ನು ಮೇಲಿನಿಂದ ಒತ್ತಿದರೆ ಹೀಗಾಗುತ್ತದೆ. ಹೊರಗಿನ ಮೂರು-ನಾಲ್ಕು ಸುತ್ತು ಅರಳಿ, ನಡು ಇನ್ನೂ ಮೊಗ್ಗಾಗಿರುವ ಹೂವನ್ನು ಬೆಳಿಗ್ಗೆಯೇ ಕೊಯ್ದುಕೊಳ್ಳಿ. ಬೋರಲಾಗಿಟ್ಟು, ಹೊಸ ಬ್ಲೇಡನ್ನು ತೊಟ್ಟಿನ ಕಡೆಯಿಂದ ಇಳಿಸಿ. ದಪ್ಪನೆಯ ಪುಷ್ಪಪೀಠ (ಕಿರುಹೂಗಳು ಕೂತಿರುವ ತಟ್ಟೆ) ಸೀಳಿದ ಕೂಡಲೇ ಕೈ ತಡೆಯಿರಿ. ಉಳಿದದ್ದನ್ನು ಎರಡು ಹೆಬ್ಬೆರಳುಗಳಿಂದ ಅಗಲಿಸಿದರೆ ಕಿರುಹೂಗಳ ನಡುವೆಯೇ ಬಿರಿಯುತ್ತದೆ.

ಈಗ ಅಂಚಿನಿಂದ ನಡುವಿನತ್ತ ಓದುತ್ತ ಬನ್ನಿ. ಹೊರಸುತ್ತಿನ ಹಳದಿ ಪಟ್ಟಿಗಳು 'ದಳ'ಗಳಲ್ಲ, ಒಂದೊಂದೂ ಒಂದು ಕಿರುಹೂ. ಸೂರ್ಯಕಾಂತಿಯಲ್ಲಿ ಅವು ಬಂಜೆ. ಒಳಗಿನವು ಕೊಳವೆಯಾಕಾರದವು, ದ್ವಿಲಿಂಗಿಗಳು, ಅಂಚಿನಿಂದ ಒಳಕ್ಕೆ ದಿನಕ್ಕಿಷ್ಟು ಸುತ್ತು ಎಂಬಂತೆ ಅರಳುತ್ತವೆ. ಹಾಗಾಗಿ ಒಂದೇ ಸೀಳಿನಲ್ಲಿ ಮೂರು ವಯಸ್ಸು ಸಿಗುತ್ತದೆ: ಶಲಾಕೆಯ (ಅಂಡಾಶಯದಿಂದ ಮೇಲೇಳುವ ಕಡ್ಡಿ) ಎರಡು ಕವಲುಗಳು ಹೊರಕ್ಕೆ ಸುರುಳಿಗೊಂಡವು, ಪರಾಗ ಹೊರಚೆಲ್ಲುತ್ತಿರುವವು, ಮುಚ್ಚಿದ ಮೊಗ್ಗುಗಳು. ಸಾಲಾಗಿ ಕಪ್ಪು ಕಾಗದದ ಮೇಲೆ ಜೋಡಿಸಿ, 10 ಪಟ್ಟು ಹಿಗ್ಗಿಸುವ ಮಸೂರ ಸಾಕು.

ಕಿರುಹೂವನ್ನು ಕೀಳುವಾಗ ಚಿಮುಟದಿಂದ ಬುಡವನ್ನೇ ಹಿಡಿಯಿರಿ. ಮೇಲಿನ ಕೊಳವೆಯನ್ನು ಹಿಡಿದೆಳೆದರೆ ಅದು ಅಂಡಾಶಯದಿಂದ ಕಳಚಿ ಬರುತ್ತದೆ. ಆಗ 'ಇದಕ್ಕೆ ಅಂಡಾಶಯವೇ ಇಲ್ಲ' ಎಂದು ತಪ್ಪಾಗಿ ಬರೆದುಕೊಳ್ಳುವವರು ಹೆಚ್ಚು. ಸರಿಯಾಗಿ ಬಂದ ಕಿರುಹೂವಿನ ತಳದಲ್ಲಿ ಬಿಳಿಯ ಅಂಡಾಶಯ, ಅದರ ಹೆಗಲಿನ ಮೇಲೆ ಎರಡು ಪುಟ್ಟ ಹುರುಪೆ, ನಡುವೆ ಐದು ಹಲ್ಲಿನ ಹಳದಿ ಕೊಳವೆ ಇರುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಪುಷ್ಪಪಾತ್ರೆಯಲ್ಲಿ ಉಳಿದದ್ದು ಎಂದರೆ ಆ ಎರಡು ಹುರುಪೆಗಳೇ (ಪ್ಯಾಪಸ್). ಮುಟ್ಟಿದರೆ ಉದುರುವಷ್ಟು ಸಡಿಲ. ನೀವು ಕಂಡ ಒಣ ಹಾಳೆ ಅಂಡಾಶಯದ ಕೆಳಗೆ, ಪೀಠದಿಂದ ಹುಟ್ಟಿದ ಉಪಪತ್ರ, ಅಂದರೆ ಹೂವಿನ ಬುಡದ ಪುಟ್ಟ ಎಲೆ. ಅಂಡಾಶಯದ ಮೇಲಿದೆಯೋ ಕೆಳಗಿದೆಯೋ ಎಂದು ನೋಡಿದರೆ ಗೊಂದಲ ಉಳಿಯದು.

ಕೊಳವೆಯನ್ನು ಒಂದು ಹನಿ ನೀರಿನಲ್ಲಿಟ್ಟು ಸೂಜಿಯಿಂದ ಉದ್ದಕ್ಕೆ ಸೀಳಿ. ಐದು ಪರಾಗಕೋಶಗಳು ಅಂಚಿಗೆ ಅಂಚು ಕೂಡಿ ಕಡುಗಂದು ನಳಿಕೆಯಾಗಿವೆ, ಅವುಗಳ ಎಳೆಗಳು ಮಾತ್ರ ಬಿಡಿಬಿಡಿ. ಪರಾಗ ನಳಿಕೆಯ ಒಳಗೇ ಚೆಲ್ಲುತ್ತದೆ. ಬೆಳೆಯುತ್ತ ಬರುವ ಶಲಾಕೆ ಅದನ್ನು ಪಿಸ್ಟನ್ನಿನಂತೆ ಹೊರದೂಡಿ, ಆಮೇಲಷ್ಟೇ ತನ್ನ ಕವಲು ಬಿಚ್ಚುತ್ತದೆ. ಸೂರ್ಯಕಾಂತಿಯ ಕುಟುಂಬದಲ್ಲಿ ನೋಡಲೇಬೇಕಾದ ಸೊಗಸು ಇದು.

ಪ್ರಶ್ನೆ: ಇದೇ ಕುಟುಂಬದ ತುಂಬುಹೂವಿನ ಸೇವಂತಿಗೆಯಲ್ಲಿ ಕೊಳವೆಹೂಗಳೇ ಕಾಣುವುದಿಲ್ಲ. ಏಕೆ?

ಉತ್ತರ: ಬೆಳೆಗಾರರು ತಲೆಮಾರುಗಳಿಂದ ಪಟ್ಟಿಹೂಗಳನ್ನೇ ಆರಿಸುತ್ತ ಬಂದ ತಳಿಗಳವು. ಹೊರಗಿನಿಂದ ಒಂದೊಂದಾಗಿ ಕಿತ್ತು ನಡುವಿಗೆ ಬಂದರೆ ಕೆಲವು ಕೊಳವೆಗಳು ಸಿಗಬಹುದು. ಪಟ್ಟಿಹೂವಿನ ಬುಡ ನೋಡಿ: ಕವಲೊಡೆದ ಶಲಾಕೆ ಇದೆ, ಕೇಸರ ಇಲ್ಲ, ಅಂದರೆ ಹೆಣ್ಣುಹೂ. ಅಧ್ಯಯನಕ್ಕೆ ಒಂಟಿ ಸುತ್ತಿನ ತಳಿಯೇ ಲೇಸು. ಚೆಂಡುಹೂವಿಗೂ ಇದೇ ಮಾತು.

ಪ್ರಶ್ನೆ: ಇದೇ ಕುಟುಂಬದ ಹಳದಿ ಕಾಡುಹೂ ಡ್ಯಾಂಡೆಲಿಯನ್‌ನಲ್ಲಿ ಎಲ್ಲವೂ ಪಟ್ಟಿಗಳೇ. ಅವೂ ಹೆಣ್ಣುಹೂಗಳೇ?

ಉತ್ತರ: ಅಲ್ಲ. ಪಟ್ಟಿಯ ತುದಿಯ ಹಲ್ಲು ಎಣಿಸಿ: ಐದು. ಐದೂ ದಳ ಕೂಡಿ, ಕೊಳವೆ ಒಂದು ಬದಿಗೆ ಬಿರಿದು ಚಪ್ಪಟೆಯಾಗಿದೆ. ಒಳಗೆ ಕೇಸರ, ಶಲಾಕೆ ಎರಡೂ ಇವೆ. ಸೂರ್ಯಕಾಂತಿಯಂಥವುಗಳ ಅಂಚಿನ ಪಟ್ಟಿ ಮೂರು ದಳಗಳಿಂದಾದದ್ದು. ತೊಟ್ಟು ಮುರಿದಾಗ ಹಾಲು ಒಸರಿದರೆ ಐದು ಹಲ್ಲಿನ ಗುಂಪೇ ಇರಬಹುದೆಂದು ಊಹಿಸಿ, ಹಲ್ಲು ಎಣಿಸಿಯೇ ಖಚಿತಪಡಿಸಿಕೊಳ್ಳಿ.