ಮಳೆ ಬಂದರೆ ಟಾರ್ಚ್ ಹಿಡಿದು ಏಳುವ ಅಕ್ಕೋರು

ನಾನು ಆಪ್ತಸಲಹೆಗಾರ್ತಿ. ಇದು ನನ್ನ ಹತ್ತಿರ ಬಂದ, ಕುಮಟಾ-ಹೊನ್ನಾವರ ಕಡೆಯ ಒಂದು ಪ್ರಕರಣ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ವಯಸ್ಸು, ಊರು, ಮನೆಯ ವಿವರ ಸ್ವಲ್ಪ ಆಚೀಚೆ ಮಾಡಿದ್ದೇನೆ. ಕರಾವಳಿಯಲ್ಲಿ ಈಗ ಇಂಥ ಕೇರಿ ಊರಿಗೊಂದು ಇದೆ. 'ಇದು ನಮ್ಮ ಪಕ್ಕದ ಮನೆಯ ಸುದ್ದಿಯೇ' ಅಂತ ಯಾರಿಗಾದರೂ ಅನ್ನಿಸಬಹುದು. ಅಲ್ಲ, ಬಿಡಿ.

ಬಂದವರು ಎಪ್ಪತ್ತರ ಹತ್ತಿರದ ನಿವೃತ್ತ ಶಿಕ್ಷಕಿ. ಕೇರಿಗೆಲ್ಲ ಅಕ್ಕೋರು, ಹಾಗಾಗಿ ನನಗೂ ಅಕ್ಕೋರು. ಯಜಮಾನರು ತೀರಿಕೊಂಡು ಕೆಲವು ವರ್ಷ ಆಗಿದೆ. ಮಗ ಬೆಂಗಳೂರಿನಲ್ಲಿ, ಮಗಳು ಹುಬ್ಬಳ್ಳಿಯಲ್ಲಿ. ಕರೆದುಕೊಂಡು ಬಂದದ್ದು ಮಗಳು.

"ಮೇಡಂ, ಆಯಿ ರಾತ್ರಿ ನಿದ್ದೆ ಮಾಡೋದಿಲ್ಲ. ಮಳೆ ಶುರುವಾದ್ರೆ ಸಾಕು, ಟಾರ್ಚ್ ಹಿಡಿದು ಅಂಗಳಕ್ಕೆ ಹೋಗ್ತಾಳೆ. ಫೋನ್ ಮಾಡಿದ್ರೆ ಪಕ್ಕದ ಮನೆಯವರ ಸುದ್ದಿ ಬಿಟ್ಟು ಬೇರೆ ಮಾತಿಲ್ಲ."

ಡಾಕ್ಟರು ರಕ್ತ ಪರೀಕ್ಷೆ, ಬಿಪಿ ಎಲ್ಲ ನೋಡಿ ಆಗಿತ್ತು. ಬಿಪಿ ಸ್ವಲ್ಪ ಜಾಸ್ತಿ. ಮರೆವಿನ ಲಕ್ಷಣ ಏನೂ ಇಲ್ಲ. ಲೆಕ್ಕ, ತಾರೀಕು, ಹಳೆಯ ವಿದ್ಯಾರ್ಥಿಗಳ ಹೆಸರು ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಊಟ ಕಮ್ಮಿಯಾಗಿತ್ತು. ಮದುವೆ, ಮುಂಜಿಗೆ ಹೋಗುವುದನ್ನೂ ಬಿಟ್ಟಿದ್ದರು. 'ನಾನು ಹೋದಾಗ ಮಳೆ ಬಂದ್ರೆ?' ಅನ್ನೋದು ಕಾರಣ.

ಅಕ್ಕೋರ ಮನೆ ಚಿರೆಕಲ್ಲಿನ ಗೋಡೆಯದು, ಹಂಚಿನ ಮಾಡು. ಕಟ್ಟಿದಾಗ ಅಂಗಳ ರಸ್ತೆಗಿಂತ ಮೇಲಿತ್ತಂತೆ. ಈಗ ಗೇಟು ದಾಟಿದರೆ ಕೆಳಗೆ ಇಳಿಯಬೇಕು. ಮನೆ ಕುಸಿದಿಲ್ಲ, ರಸ್ತೆ ಏರಿದೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಹಳೆಯದನ್ನು ಕಿತ್ತು ಹೊಸದು ಹಾಕುವ ರೂಢಿ ನಮ್ಮಲ್ಲಿ ಎಲ್ಲಿದೆ ಹೇಳಿ. ಮನೆಯ ಹಿಂದೆ ಗದ್ದೆ ಇತ್ತು. ಕೇರಿಯ ಮಳೆ ನೀರೆಲ್ಲ ಆ ಗದ್ದೆಗೆ ಇಳಿದು, ಅಲ್ಲಿಂದ ಹಳ್ಳ ಸೇರಿ, ಹಳ್ಳದಿಂದ ಹೊಳೆಗೆ ಹೋಗುತ್ತಿತ್ತು. ಆ ಗದ್ದೆ ಎನ್‌ಎ, ಅಂದರೆ ಕೃಷಿಯೇತರ ಜಾಗ ಆಯಿತು, ಸೈಟ್ ಆಯಿತು. ಎಲ್ಲೋ ಗುಡ್ಡ ಕಡಿದ ಕೆಂಪು ಮಣ್ಣು ಲಾರಿಗಟ್ಟಲೆ ಬಂದು ಬಿತ್ತು. ಬಲಗಡೆಯ ಹಳೆ ಮನೆಯನ್ನು ಕೊಂಡ ಗಂಡ ಹೆಂಡತಿ ಅದನ್ನು ಕೆಡವಿ, ಜಾಗವನ್ನು ಸುಮಾರು ಮೂರು ಅಡಿ ಎತ್ತರಿಸಿ ತಾರಸಿ ಮನೆ ಕಟ್ಟಿದರು. ಸುತ್ತ ಎತ್ತರದ ಪಾಗಾರ, ಅಂಗಳಕ್ಕೆಲ್ಲ ಇಂಟರ್‌ಲಾಕ್, ಗೇಟಿನ ಮೇಲೆ ಸಿಸಿಟಿವಿ.

ಇಲ್ಲೊಂದು ಸಣ್ಣ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಮಕ್ಕಳು 'ಆಯಿಗೆ ಸುಮ್ನೆ ಭ್ರಮೆ' ಅಂದುಬಿಡುತ್ತಾರೆ. 1000 ಚದರಡಿಯ ತಾರಸಿ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 9000 ಲೀಟರಿಗೂ ಜಾಸ್ತಿ ನೀರು. ಜುಲೈನಲ್ಲಿ ನಮ್ಮ ಕಡೆ 100 ಮಿಲಿಮೀಟರ್ ದೊಡ್ಡ ಸುದ್ದಿಯೇನೂ ಅಲ್ಲ. ಮೊದಲು ಮಣ್ಣಿನ ಅಂಗಳ ಒಂದಿಷ್ಟು ಕುಡಿಯುತ್ತಿತ್ತು. ಈಗ ಇಂಟರ್‌ಲಾಕ್ ಮೇಲೆ ಬಿದ್ದ ನೀರಿನಲ್ಲಿ ಹೆಚ್ಚಿನದು ಇಳಿಜಾರು ಹುಡುಕಿಕೊಂಡು ಓಡುತ್ತದೆ. ಇಳಿಜಾರಿನಲ್ಲಿ ಇರುವುದು ಅಕ್ಕೋರ ಅಂಗಳ. ಎರಡು ಮಳೆಗಾಲ ನೀರು ಜಗುಲಿಯ ಮೆಟ್ಟಿಲು ಮುಟ್ಟಿತ್ತು. ಬಾವಿಗೆ ಕೆಂಪು ನೀರು ಇಳಿದು, ಅಕ್ಕೋರು ಸ್ವಂತ ಬಾವಿಯ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅಂದರೆ ಅವರ ಭಯಕ್ಕೆ ಕಾರಣ ಇತ್ತು. ಮೊದಲ ದಿನವೇ ಮಗಳ ಎದುರಿಗೆ ಅದನ್ನು ಹೇಳಿದೆ. ಅಕ್ಕೋರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಇನ್ನೂರು ಪುಟದ, ಗೀರೆಳೆದ ಶಾಲೆ ನೋಟ್‌ಬುಕ್. ಎಡಗಡೆ ಮಾರ್ಜಿನ್ ಹಾಕಿ ತಾರೀಕು, ಗಂಟೆ. ಪಕ್ಕದಲ್ಲಿ, "ನೀರು ಎರಡು ಗೇಣು." "ಪೈಪಿನಿಂದ ನೀರು ನೇರ ನಮ್ಮ ಬಾವಿಕಟ್ಟೆಗೆ." ಕೆಳಗೆ ಹೋದಂತೆ ಬೇರೆ ಸಾಲುಗಳು. "ಸಂಜೆ ಏಳಕ್ಕೇ ಗೇಟು ಹಾಕಿದರು." "ಕ್ಯಾಮೆರಾ ನಮ್ಮ ಗೇಟಿನ ಕಡೆ ತಿರುಗಿಸಿದ್ದಾರೆ." "ಚೌತಿಗೆ ಕರೆದೆ, ಬರಲಿಲ್ಲ." "ಎದುರು ಮನೆಯವರೂ ಜಾಗ ಮಾರಿದರು, ಹೇಳಲಿಲ್ಲ." ಅಕ್ಷರ ಒಂದೊಂದೂ ಮುತ್ತು. ಆದರೆ ಓದುತ್ತಾ ಹೋದಂತೆ ನೀರಿನ ವಿಷಯ ಕಮ್ಮಿ, ಉಳಿದದ್ದೇ ಜಾಸ್ತಿ.

ಅವರಿಗೆ ಕೊಟ್ಟ ಮೊದಲ ಕೆಲಸ ಅದೇ ನೋಟ್‌ಬುಕ್ಕಿನದು. ಕೆಂಪು ಪೆನ್ನು ಹಿಡಿದು ತಿದ್ದಿ ಜೀವನ ಕಳೆದವರು. "ಅಕ್ಕೋರೆ, ನೀರಿನ ಸಾಲುಗಳಿಗೆ ಮಾತ್ರ ಕೆಂಪು ಗೆರೆ ಎಳೆದುಕೊಂಡು ಬನ್ನಿ. ಉಳಿದದ್ದು ಹಾಗೇ ಇರಲಿ" ಅಂದೆ. ಮುಂದಿನ ವಾರ ಬಂದವರೇ, "ತಂಗಿ, ಕೆಂಪು ಕಮ್ಮಿ ಬಂತು" ಅಂದರು. ಸ್ವಲ್ಪ ನಾಚಿಕೆ, ಸ್ವಲ್ಪ ಸಿಟ್ಟು.

ನನ್ನ ಅಭಿಪ್ರಾಯ ಇಷ್ಟು. ಅಕ್ಕೋರ ಹತ್ತಿರ ಎರಡು ದುಃಖ ಇತ್ತು. ಒಂದು ನೀರು. ಇನ್ನೊಂದು, ಜಗುಲಿಯಲ್ಲಿ ಕೂತರೆ ಹೋಗುವವರೆಲ್ಲ ಮಾತಾಡಿಸುತ್ತಿದ್ದ ಕೇರಿ ಈಗ ಗೇಟು, ಪಾಗಾರ, ಬಾಡಿಗೆ ಮನೆಗಳ ಕೇರಿ ಆಗಿದ್ದು. ಮೊದಲನೆಯದಕ್ಕೆ ಗಟಾರ ಸಾಕು. ಎರಡನೆಯದಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ಕೊಡಲು ಬರುವುದಿಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ತುಂಬಿದ್ದರಿಂದ ಯಾರೂ ಓದುತ್ತಿರಲಿಲ್ಲ. ಅವರು ಕೊಟ್ಟಿದ್ದ ದೂರಿನ ಪ್ರತಿ ನೋಡಿದೆ. ನಾಲ್ಕು ಪುಟ. ನೀರಿನ ಮಾತು ಮೂರನೇ ಪುಟದಲ್ಲಿ ಬರುತ್ತದೆ!

ಸಾಮಾನ್ಯವಾಗಿ ನಾನು ಮನೆಗೆ ಹೋಗಿ ನೋಡುವುದಿಲ್ಲ, ಇಲ್ಲಿ ಹೋದೆ. ಹೋಗಿದ್ದು ಒಳ್ಳೆಯದೇ ಆಯಿತು, ಏಕೆಂದರೆ ಕೋಣೆಯಲ್ಲಿ ಕೂತು ಗೊತ್ತಾಗದ ಒಂದು ವಿಷಯ ಅಲ್ಲಿ ಗೊತ್ತಾಯಿತು. ಅಕ್ಕೋರು ಮಲಗುವುದು ಅಡುಗೆಮನೆ ಪಕ್ಕದ ಕೋಣೆಯಲ್ಲಿ. ಆ ಭಾಗದ ಹಂಚನ್ನು ಮಂಗಗಳು ಒಡೆಯುತ್ತವೆ ಅಂತ ಮಗ ಹಂಚು ತೆಗೆಸಿ ತಗಡಿನ ಶೀಟ್ ಹಾಕಿಸಿದ್ದ. ತಗಡಿನ ಮೇಲೆ ನಾಲ್ಕು ಹನಿ ಬಿದ್ದರೂ ಜಡಿಮಳೆಯ ಸದ್ದು. ನಿದ್ದೆ ಹಾಳಾಗಿದ್ದು ಶುರುವಾಗಿದ್ದೇ ಆ ವರ್ಷ. ಮಂಚವನ್ನು ಎದುರಿನ ಕೋಣೆಗೆ, ಹಂಚಿನ ಕೆಳಗೆ ಹಾಕಿಸಿ ಅಂದೆ. ಇದಕ್ಕೆ ಆಪ್ತಸಲಹೆಗಾರರೇ ಬೇಕಾ ಅಂತ ಮಗಳು ನಕ್ಕಳು. ಬೇಡ, ಆದರೆ ಯಾರೂ ನೋಡಿರಲಿಲ್ಲವಲ್ಲ.

ಇನ್ನು ಟಾರ್ಚು. ಎದ್ದು ಹೋಗಿ ನೋಡಿ ಬಂದರೆ ಆ ಕ್ಷಣಕ್ಕೆ ಸಮಾಧಾನ ಆಗುತ್ತದೆ, ಅರ್ಧ ಗಂಟೆಗೆ ಮತ್ತೆ ನೋಡಬೇಕು ಅನ್ನಿಸುತ್ತದೆ. ನೋಡಿದಷ್ಟೂ ಭಯ ಬಲಿಯುತ್ತದೆ. 'ಹೋಗಬೇಡಿ' ಅಂದರೆ ಕೇಳುವವರಲ್ಲ, ಕೇಳಬೇಕಾದ್ದೂ ಇಲ್ಲ, ನೀರು ನಿಜವಾಗಿ ಬರುತ್ತದಲ್ಲ. ಅದಕ್ಕೆ ಟ್ಯಾಂಕ್ ತುಂಬಿದರೆ ಕೂಗುವ ಅಲಾರಂ ಸಿಗುತ್ತದೆ ನೋಡಿ, ಅದನ್ನು ಎಲೆಕ್ಟ್ರಿಷಿಯನ್ ಹತ್ತಿರ ಕೆಳಗಿನ ಮೆಟ್ಟಿಲಿಗೆ ಹಾಕಿಸಿದೆವು. ಕೂಗಿದರೆ ಏಳಿ, ಕೂಗದಿದ್ದರೆ ಮಲಗಿ. ಹದಿನೈದು ದಿನ ಕಷ್ಟಪಟ್ಟರು, ಆಮೇಲೆ ಅಭ್ಯಾಸವಾಯಿತು. ರಾತ್ರಿ ತೀರಾ ಕಳವಳವಾದರೆ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿ ಅಂತ ಸಂಖ್ಯೆಯನ್ನು ಕ್ಯಾಲೆಂಡರ್ ಮೇಲೆ ಬರೆಸಿದ್ದೆ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪಕ್ಕದ ಮನೆಯವರನ್ನೂ, ಅಕ್ಕೋರು ಒಪ್ಪಿದ ಮೇಲೆ, ಒಮ್ಮೆ ಮಾತಾಡಿಸಿದೆ. ನಾನು ಅಂದುಕೊಂಡಷ್ಟು ಒರಟರಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ತಲೆಯ ಮೇಲೆ ಸಾಲ. ಜಾಗ ಎತ್ತರಿಸಿದ್ದು ಯಾಕೆ ಅಂತ ಕೇಳಿದೆ. ಹಳೆ ಮನೆಯಲ್ಲಿ ಒಂದು ಮಳೆಗಾಲ ಇದ್ದು ನೋಡಿದ್ದರಂತೆ. ನೆಲದ ನೀರು ಮೇಲೆ ಬಂದು ಪಾಯಖಾನೆ ಗುಂಡಿ ತುಂಬಿ, ಜುಲೈ ಇಡೀ ಸಂಬಂಧಿಕರ ಮನೆಗೆ ಹೋಗುವ ಪರಿಸ್ಥಿತಿ. ಎತ್ತರಿಸದೆ ಬೇರೆ ದಾರಿ ಇರಲಿಲ್ಲ ಅಂದರು. ನಂಬುವಂಥ ಮಾತೇ. ಕ್ಯಾಮೆರಾ ವಿಷಯ ಬಂದಾಗ ಹೆಂಡತಿ ಅಂದದ್ದು:

"ರಾತ್ರಿ ಎರಡು ಗಂಟೆಗೆ ಯಾರೋ ಟಾರ್ಚ್ ಹಿಡಿದು ನಮ್ಮ ಪಾಗಾರದ ಪಕ್ಕ ಓಡಾಡ್ತಾರೆ ಮೇಡಂ. ಹೆದರಿಕೆ ಆಗೋದಿಲ್ವಾ? ಅದಕ್ಕೇ ಆ ಕಡೆ ತಿರುಗಿಸಿದ್ವಿ."

ಅದು ಅಕ್ಕೋರು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅಕ್ಕೋರಿಗೆ ಇದನ್ನು ಹೇಳಿದಾಗ ಮೊದಲು ಮುಖ ಊದಿಸಿಕೊಂಡರು, ಆಮೇಲೆ ಆ ತಿಂಗಳಲ್ಲಿ ಮೊದಲ ಸಲ ನಕ್ಕರು.

ನೀರಿನ ವಿಷಯಕ್ಕೆ ಹೇಳಿದ್ದು ಹೀಗೆ. ಮಾತುಕತೆ ಮಳೆಗಾಲದಲ್ಲಿ ಬೇಡ, ಆಗ ಎಲ್ಲರಿಗೂ ಸಿಟ್ಟು. ದೀಪಾವಳಿ ಕಳೆದ ಮೇಲೆ, ಗಾರೆ ಕೆಲಸದವರು ಸಿಗುವ ಹೊತ್ತಿಗೆ ಕೂತುಕೊಳ್ಳಿ. ನೋಟ್‌ಬುಕ್ಕಿನ ಕೆಂಪು ಸಾಲುಗಳು ಮಾತ್ರ ಮುಂದಿಡಿ, ಕ್ಯಾಮೆರಾ ಬೇಡ, ಚೌತಿಯೂ ಬೇಡ. ಕೇಳುವುದು ಎರಡೇ ವಿಷಯ. ತಾರಸಿಯ ಪೈಪ್ ರಸ್ತೆ ಕಡೆಗೆ ತಿರುಗಿಸುವುದು, ಪಾಗಾರದ ಬುಡದಲ್ಲಿ ಒಂದು ಗಟಾರ ತೆಗೆದು ಕೇರಿಯ ಗಟಾರಕ್ಕೆ ಸೇರಿಸುವುದು. ಗಟಾರದ ಖರ್ಚಿನಲ್ಲಿ ಪಾಲು ಕೊಡಲು ತಯಾರಿರಿ. ಇದಕ್ಕೆ ಅಕ್ಕೋರು ಕೆರಳಿದರು, "ನೀರು ಬಿಟ್ಟವರು ಅವರು, ದುಡ್ಡು ನಾನು ಕೊಡೋದಾ?" ನ್ಯಾಯ ಅವರ ಕಡೆಯೇ ಇತ್ತು. ಆದರೆ ಪಾಲು ಕೊಟ್ಟ ಗಟಾರವನ್ನು ವರ್ಷ ವರ್ಷ ಚೊಕ್ಕ ಮಾಡಿ ಅಂತ ಕೇಳುವ ಹಕ್ಕು ನಿಮಗೂ ಇರುತ್ತದೆ ಅಂದೆ.

ಕಾನೂನು ನನ್ನ ಕ್ಷೇತ್ರ ಅಲ್ಲ, ಅದಕ್ಕೆ ವಕೀಲರಿದ್ದಾರೆ. ತಿಳಿದಷ್ಟು ಹೇಳಿದೆ. ಮೇಲಿನ ಜಾಗದಿಂದ ಸಹಜವಾಗಿ ಇಳಿಯುವ ಮಳೆ ನೀರನ್ನು ಕೆಳಗಿನ ಜಾಗದವರು ತಡೆಯುವಂತಿಲ್ಲ ಅಂತ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಅಕ್ಕಪಕ್ಕದ ಜಾಗದವರ ದಾರಿ, ನೀರಿನಂಥ ಹಕ್ಕುಗಳ ಕಾಯ್ದೆ, ಹೇಳುತ್ತದೆ. ಆದರೆ ಮಣ್ಣು ತುಂಬಿ ಎತ್ತರ ಮಾಡಿ, ಪೈಪ್ ಇಟ್ಟು ಬಿಡುವ ನೀರನ್ನು ಸಹಜ ಅನ್ನುವುದು ಕಷ್ಟ. ಮಾತಿನಲ್ಲಿ ಬಗೆಹರಿಯದಿದ್ದರೆ ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತ ನೆರವು ಸಿಗುತ್ತದೆ. ಕೇಸ್ ಹಾಕುವ ಮೊದಲೇ ಎರಡೂ ಕಡೆಯವರನ್ನು ಕರೆದು ಕೂರಿಸುವ ವ್ಯವಸ್ಥೆಯೂ ಅಲ್ಲಿ ಇದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ನಿಜವಾಗಿ ಹೆಚ್ಚು ಹೊತ್ತು ಹಿಡಿದದ್ದು ಮಗನ ವಿಷಯ. ವಿಡಿಯೋ ಕಾಲಿನಲ್ಲಿ ಬಂದ. ಮೊಬೈಲಿನಲ್ಲಿ ನಕ್ಷೆ ತಯಾರಿತ್ತು. ಕೆಳಗೆ ಆಯಿ, ಮೇಲೆ ಎರಡು ಬಾಡಿಗೆ ಮನೆ, ಎಲ್ಲ ರಸ್ತೆಗಿಂತ ಎತ್ತರ. ಅವನ ಮಾತಿನಲ್ಲೂ ಹುರುಳಿತ್ತು. ವರ್ಷಕ್ಕೊಮ್ಮೆ ಹಂಚು ಇಳಿಸಿ, ಒಡೆದದ್ದು ಬದಲಿಸಿ, ಮತ್ತೆ ಹೊದೆಸುವ ಜನ ಈಗ ಸಿಗುವುದಿಲ್ಲ. ಹಂಚು ಹೊರುವ ಮರದ ಪಕಾಸಿಗೆ ಒರಲೆ ಹುಳು. ಹಳೆ ಮನೆ ಚಂದ ಅಂತ ಪಟ ತೆಗೆದುಕೊಂಡು ಹೋಗುವವರು ಯಾರೂ ಸೋರುವಾಗ ಬಕೆಟ್ ಇಡಲು ಬರುವುದಿಲ್ಲ. ಹಳೆಯದೆಲ್ಲ ಉಳಿಯಬೇಕು ಅನ್ನುವವಳು ನಾನಲ್ಲ. ಆದರೆ ಅವನು ಬಂದಾಗಲೆಲ್ಲ ಆ ನಕ್ಷೆ ತೆಗೆಯುತ್ತಿದ್ದ. ಅದರ ಪರಿಣಾಮ ಏನಾಗಿತ್ತು ಅಂದರೆ, ಬಚ್ಚಲಿಗೆ ಕೈ ಹಿಡಿಯುವ ಕಂಬಿ ಹಾಕಿಸೋಣ ಅಂದರೂ ಅಕ್ಕೋರು ಬೇಡ ಅನ್ನುತ್ತಿದ್ದರು. ಒಂದು ಕಲ್ಲು ಅಲುಗಿಸಲು ಬಿಟ್ಟರೆ ಇಡೀ ಮನೆ ಕೆಡವುತ್ತಾರೆ ಅನ್ನುವ ಹೆದರಿಕೆ. ಜಾರುವ ಬಚ್ಚಲು, ಕೂತು ಏಳಬೇಕಾದ ಪಾಯಖಾನೆ, ಎಪ್ಪತ್ತರ ಮಂಡಿ. ಪಕ್ಕದ ಮನೆಯ ನೀರಿಗಿಂತ ದೊಡ್ಡ ಅಪಾಯ ಅಲ್ಲೇ ಇತ್ತು.

ಮಗನಿಗೆ ಹೇಳಿದೆ, "ಆಯಿ ಇಲ್ಲಿ ಇರುವಷ್ಟು ದಿನ ಅವರಾಗಿ ಹೇಳದೆ ಮನೆ ಕೆಡವೋದಿಲ್ಲ ಅಂತ ಒಂದು ಹಾಳೆಯಲ್ಲಿ ಬರೆದು ಕೊಡಪ್ಪಾ." ಅವನಿಗೆ ಬೇಜಾರಾಯಿತು. ಸ್ವಂತ ಅಮ್ಮನಿಗೆ ಪತ್ರ ಬರೆದು ಕೊಡಬೇಕಾ ಅಂದ. ಬರೆದು ಕೊಟ್ಟ. ಆ ಹಾಳೆ ದೇವರ ಕೋಣೆಯ ಗೂಡು ಸೇರಿತು. ಆಮೇಲೆ ನೋಡಿ, ಬಚ್ಚಲಿನ ಕೆಲಸ ಮೊದಲು ಆಯಿತು. ಜಾರದ ಟೈಲ್ಸ್, ಕಂಬಿ, ಕಮೋಡ್. ಮೇಸ್ತ್ರಿಯ ತಲೆಯ ಮೇಲೆ ನಿಂತು ಮಾಡಿಸಿದ್ದು ಅಕ್ಕೋರೇ.

ಎರಡನೇ ದುಃಖಕ್ಕೆ ನನ್ನ ಹತ್ತಿರ ಮದ್ದು ಇರಲಿಲ್ಲ, ಹಾಗಂತಲೇ ಅವರಿಗೆ ಹೇಳಿದೆ. ಕೆಂಪು ಗೆರೆ ಬೀಳದ ಸಾಲುಗಳನ್ನು ಒಂದೊಂದಾಗಿ ಓದಿಸಿ, ಯಾವ ಮನೆಯಲ್ಲಿ ಯಾರಿದ್ದರು, ಏನಾದರು ಅಂತ ಕೇಳುತ್ತಾ ಹೋದೆ. ಕೆಲವು ಭೇಟಿ ಬರೀ ಅದರಲ್ಲೇ ಕಳೆದವು. ಅತ್ತರು, ಬೈದರು. ಮಕ್ಕಳಿಗೆ ಇದನ್ನು ಕೇಳುವ ತಾಳ್ಮೆ ಇರುವುದಿಲ್ಲ, 'ಬಿಡು ಆಯಿ, ಕಾಲ ಬದಲಾಯ್ತು' ಅಂದುಬಿಡುತ್ತಾರೆ. ಬದಲಾಗಿದ್ದು ಅಕ್ಕೋರಿಗೆ ಗೊತ್ತಿಲ್ಲದೆ ಅಲ್ಲ. ಪಕ್ಕದ ಮನೆಯವರ ಜೊತೆ ಸಲಿಗೆ ಬೆಳೆಸಿ ಅಂತ ನಾನು ಒತ್ತಾಯ ಮಾಡಲಿಲ್ಲ. ಇಬ್ಬರೂ ದುಡಿಯುವ ಮನೆಯಲ್ಲಿ ಸಂಜೆ ಜಗುಲಿಗೆ ಬಂದು ಕೂರಲು ಪುರುಸೊತ್ತು ಎಲ್ಲಿಂದ ಬರಬೇಕು?

ಮಳೆಗಾಲಕ್ಕೆ ಮುಂಚೆ ಗಟಾರ ಆಯಿತು, ಪೈಪ್ ತಿರುಗಿತು. ಮೊದಲ ಜೋರು ಮಳೆಗೆ ಅಂಗಳದಲ್ಲಿ ನೀರು ನಿಂತಿತು, ಯಾಕೆಂದರೆ ರಸ್ತೆಯ ನೀರು ಹಾಗೇ ಇದೆ. ಆದರೆ ಮೆಟ್ಟಿಲು ಮುಟ್ಟಲಿಲ್ಲ, ಅಲಾರಂ ಕೂಗಲಿಲ್ಲ. ನಿದ್ದೆ ಪರವಾಗಿಲ್ಲ ಅನ್ನುವ ಮಟ್ಟಕ್ಕೆ ಬಂದಿದೆ. ಬಾವಿ ನೀರು ಪರೀಕ್ಷೆಗೆ ಕೊಡಿ ಅಂತ ಹೇಳಿದ್ದೇನೆ, ಅಲ್ಲಿಯವರೆಗೆ ಕುದಿಸಿ ಕುಡಿಯುತ್ತಾರೆ. ಎದುರಿನ ಜಾಗದಲ್ಲಿ ಹೋಮ್‌ಸ್ಟೇ ಏಳುತ್ತಿದೆ, ಅದಕ್ಕೂ ಮಣ್ಣು ಬಿದ್ದಿದೆ. ಈ ಸಲ ಅಕ್ಕೋರು ಅಡಿಪಾಯ ಹಾಕುವ ಮೊದಲೇ ಹೋಗಿ, ನಿಮ್ಮ ನೀರು ಯಾವ ಕಡೆ ಬಿಡುತ್ತೀರಿ ಅಂತ ಕೇಳಿ ಬಂದಿದ್ದಾರೆ. ಜೊತೆಗೆ ಪಕ್ಕದ ಮನೆಯ ಗಂಡನೂ ಹೋಗಿದ್ದನಂತೆ, ಅವನ ಪಾಗಾರಕ್ಕೂ ಆ ನೀರು ಬರುತ್ತದಲ್ಲ. ಮಗ ನಕ್ಷೆ ಅಳಿಸಿಲ್ಲ. ವರ್ಷಕ್ಕೆ ಒಮ್ಮೆ ಮಾತ್ರ, ದೀಪಾವಳಿಗೆ ಬಂದಾಗ ಕೇಳು ಅಂತ ಹೇಳಿದ್ದೇನೆ. ಹೋದ ಸಲ ಕೇಳಿದ್ದಕ್ಕೆ ಅಕ್ಕೋರು "ನೋಡೋಣ" ಅಂದರಂತೆ.