ಮೂವತ್ತೊಂದು ಒಂದುಗಳ ಸಂಖ್ಯೆ

ಪ್ರಶ್ನೆ: ಸರ್, ನನ್ನ ಮಗಳು ಬಿಸಿಎ ಓದ್ತಿದಾಳೆ. ಅವಳ ಪ್ರೋಗ್ರಾಮಲ್ಲಿ ಲೆಕ್ಕ 2147483647ಕ್ಕೆ ಬಂದ್ಮೇಲೆ ಇನ್ನೊಂದು ಕೂಡಿಸಿದ್ರೆ ಮೈನಸ್‌ಗೆ ಹೋಗ್ಬಿಡತ್ತಂತೆ. ಆ ಸಂಖ್ಯೆ ಅವಿಭಾಜ್ಯ ಅಂತಾನೂ ಹೇಳಿದ್ಲು. ಕಂಪ್ಯೂಟರ್ ಮಾಡಿದವ್ರು ಬೇಕಂತಲೇ ಅದನ್ನ ಆರಿಸಿದ್ರಾ? ಇಷ್ಟು ದೊಡ್ಡದನ್ನ ಅವಿಭಾಜ್ಯ ಅಂತ ಕಂಡುಹಿಡಿದಿದ್ದು ಹೇಗೆ?
(ಓದುಗರು, ಶಿರಸಿ)

ಉತ್ತರ: ಬೇಕಂತ ಆರಿಸಿದ್ದಲ್ಲ. ಆ ಪ್ರೋಗ್ರಾಮಲ್ಲಿ ಒಂದು ಸಂಖ್ಯೆಗೆ 32 ಬಿಟ್, ಅಂದ್ರೆ 0 ಅಥವಾ 1 ಹಿಡಿಯೋ 32 ಮನೆಗಳು. ಅದರಲ್ಲಿ ಒಂದು ಬಿಟ್ ಪ್ಲಸ್ಸಾ ಮೈನಸ್ಸಾ ಅನ್ನೋದಕ್ಕೆ ಹೋಗತ್ತೆ, ಉಳಿದ 31ರಲ್ಲೂ 1 ತುಂಬಿದ್ರೆ ಈ ಸಂಖ್ಯೆ, ಅಂದ್ರೆ 2ರ 31ನೇ ಘಾತಕ್ಕೆ ಒಂದು ಕಮ್ಮಿ. ಅದೇ 64 ಬಿಟ್‌ನ ಮಿತಿ ತಗೊಳ್ಳಿ, ಅದರಲ್ಲಿ 63 ಒಂದುಗಳು, ಅದು ಅವಿಭಾಜ್ಯ ಅಲ್ಲ, 7ರಿಂದ ಸಲೀಸಾಗಿ ಭಾಗ ಹೋಗತ್ತೆ.

ಯಾಕೆ ಅಂದ್ರೆ, ನಮ್ಮ ಮಾಮೂಲಿ ಲೆಕ್ಕದಲ್ಲೇ 111111ನ್ನ 111ರಿಂದ ಭಾಗಿಸಿ ನೋಡಿ, 1001 ಬರತ್ತೆ, ಆರು ಒಂದುಗಳು ಮೂರು ಮೂರರ ಎರಡು ಕಟ್ಟಾದ್ವು ಅಲ್ವಾ, ಬೈನರಿಯಲ್ಲೂ (ಬರೀ 0, 1ರಲ್ಲಿ ಸಂಖ್ಯೆ ಬರೆಯೋ ಪದ್ಧತಿ) ಹಾಗೇನೇ, 63 ಒಂದುಗಳನ್ನ ಮೂರು ಮೂರಾಗಿ ಕಟ್ಟಬಹುದು, ಬೈನರಿಯ 111 ಅಂದ್ರೆ 7. 31ನ್ನ ಹಾಗೆ ಸಮ ಸಮ ಕಟ್ಟೋಕೆ ಆಗಲ್ಲ, ಯಾಕಂದ್ರೆ 31 ತಾನೇ ಅವಿಭಾಜ್ಯ. ಆದ್ರೆ ಅಷ್ಟೇ ಸಾಲ್ದು! 11 ಒಂದುಗಳನ್ನೂ ಕಟ್ಟೋಕಾಗಲ್ಲ, ಆದ್ರೂ ಆ ಸಂಖ್ಯೆ 2047, ಅದು 23 ಗುಣಿಸು 89.

ನಂಗೆ ತುಂಬಾ ಇಷ್ಟವಾಗೋದು ಮುಂದಿನ ಭಾಗ. 1772ರಲ್ಲಿ ನಮ್ಮ 2147483647ನ್ನ ಅವಿಭಾಜ್ಯ ಅಂತ ತೋರಿಸಿಕೊಟ್ಟವನು ಆಯ್ಲರ್ ಅನ್ನೋ ಗಣಿತಜ್ಞ, ಆಗ ಅವನಿಗೆ ಕಣ್ಣು ಹೆಚ್ಚುಕಮ್ಮಿ ಪೂರ್ತಿ ಹೋಗಿತ್ತು. ನೇರವಾಗಿ ಹೋದ್ರೆ ವರ್ಗಮೂಲದವರೆಗೆ, ಅಂದ್ರೆ 46340ರವರೆಗಿನ ಎಲ್ಲಾ ಅವಿಭಾಜ್ಯಗಳಿಂದಲೂ ಭಾಗಿಸಿ ನೋಡ್ಬೇಕು, ಅವು ನಾಲ್ಕು ಸಾವಿರದ ಏಳುನೂರಕ್ಕೂ ಜಾಸ್ತಿ ಇವೆ. ಆಯ್ಲರ್ ಹಿಡಿದ ದಾರಿ ಬೇರೆ: ಇದಕ್ಕೆ ಅವಿಭಾಜ್ಯ ಭಾಜಕ ಅಂತ ಒಂದಿದ್ರೆ ಅದನ್ನ 62ರಿಂದ ಭಾಗಿಸಿದಾಗ 1 ಉಳೀಲೇಬೇಕು. (ಮೇಲಿನ 23, 89 ನೋಡಿ, ಎರಡನ್ನೂ 22ರಿಂದ ಭಾಗಿಸಿದ್ರೆ 1 ಉಳಿಯತ್ತೆ, 22 ಅಂದ್ರೆ 11ರ ಎರಡರಷ್ಟು.) ಜೊತೆಗೆ 8ರಿಂದ ಭಾಗಿಸಿದ್ರೆ ಶೇಷ 1 ಅಥವಾ 7 ಮಾತ್ರ ಬರ್ಬೇಕು. ಎರಡೂ ಸೇರಿಸಿದ್ರೆ 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯೋ ಸಂಖ್ಯೆಗಳು ಮಾತ್ರ ಕಣಕ್ಕೆ, ಸುಮಾರು 370. ಅದರಲ್ಲೂ ಎಷ್ಟೋ ಅವಿಭಾಜ್ಯವೇ ಅಲ್ಲ, ಅವನ್ನ ಬಿಟ್ಟುಬಿಡಬಹುದು.

ಮೊದಲನೇದು 311. ಒಂದು ಹಾಳೆ ತಗೊಂಡು ಕೈಯಲ್ಲೇ ಭಾಗಿಸಿ, ಭಾಗಲಬ್ಧ 6905092, ಶೇಷ 35. ಆಮೇಲೆ 1303, ಅಲ್ಲಿ ಶೇಷ 226. ಹೀಗೆ ಕೊನೇವರೆಗೂ ಎಲ್ಲೂ ಸೊನ್ನೆ ಬರಲ್ಲ. ಮಿಕ್ಕಿದ್ದಕ್ಕೆ ಮಗಳ ಹತ್ರ ಒಂದು ಪುಟ್ಟ ಪ್ರೋಗ್ರಾಮ್ ಬರೆಸಿ, ಹತ್ತು ಲೈನ್ ಸಾಕು.