ಕನ್ನಡಕದ ಚೀಟಿ ಬೇರೆ, ಲೆನ್ಸ್ ಚೀಟಿ ಬೇರೆ

ಪ್ರಶ್ನೆ: ಕೆಲಸಕ್ಕೆಂದು ಹೊರದೇಶಕ್ಕೆ ಬಂದಿದ್ದೇನೆ. ತಂದಿದ್ದ ಕಾಂಟ್ಯಾಕ್ಟ್ ಲೆನ್ಸ್‌ನಲ್ಲಿ ಕೊನೆಯ ಜೊತೆ ಮಾತ್ರ ಉಳಿದಿದೆ. ತಿಂಗಳಿಗೊಮ್ಮೆ ಬದಲಾಯಿಸುವ ಲೆನ್ಸ್ ಅದು. ಇಲ್ಲಿನ ಅಂಗಡಿಯಲ್ಲಿ ಕನ್ನಡಕದ ಚೀಟಿ ತೋರಿಸಿದೆ. ಎರಡೂ ಕಣ್ಣು ಮೈನಸ್ 6. 'ಇದಕ್ಕೆ ಲೆನ್ಸ್ ಕೊಡಲಾಗದು, ಪರೀಕ್ಷೆ ಮಾಡಿಸಿ' ಎಂದರು. ಪವರ್ ಗೊತ್ತಿದ್ದ ಮೇಲೆ ಮತ್ತೆ ದುಡ್ಡು ಯಾಕೆ ದಂಡ? ಇರುವ ಜೊತೆಯನ್ನೇ ಇನ್ನೊಂದು ತಿಂಗಳು ಎಳೆಯಬಹುದೇ?

ಉತ್ತರ: ಅವರು ಸತಾಯಿಸಲು ಹಾಗೆ ಹೇಳಿದ್ದಲ್ಲ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ಮುಂದೆ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಅಷ್ಟೇ ಅಂತರಕ್ಕೆ ಪವರ್ ಬದಲಾಗುತ್ತದೆ. ನಂಬರ್ 4ರ ಒಳಗಿದ್ದರೆ ಇದು ಲೆಕ್ಕಕ್ಕೆ ಬರುವುದಿಲ್ಲ. ನಿಮಗೆ ಬರುತ್ತದೆ. ಕನ್ನಡಕದ ಮೈನಸ್ 6, ಲೆನ್ಸ್‌ಗೆ ಬಂದಾಗ ಮೈನಸ್ 5.50ರ ಹತ್ತಿರ ಇಳಿಯುತ್ತದೆ. ಹಠ ಹಿಡಿದು 6 ಹಾಕಿಕೊಂಡರೆ ದೂರದ್ದೇನೋ ಕಾಣುತ್ತದೆ. ಆದರೆ ಓದಲು ಕೂತರೆ ಕಣ್ಣಿಗೆ ಆಯಾಸ, ತಲೆನೋವು.

ಪವರ್ ಒಂದೇ ಅಲ್ಲ. ಬೇಸ್ ಕರ್ವ್, ಅಂದರೆ ಲೆನ್ಸ್‌ನ ಒಳಮೈ ಎಷ್ಟು ಬಾಗಿದೆ ಎಂಬ ಅಳತೆ, 8.4 ಅಥವಾ 8.6 ಹೀಗೆ ಇರುತ್ತದೆ. ಅಗಲ 14 ಮಿಲಿಮೀಟರ್ ಆಸುಪಾಸು. ಒಂದು ಕಂಪನಿಯ 8.6 ಸರಿಯಾಗಿ ಕೂತಿತು ಎಂದು ಇನ್ನೊಂದು ಕಂಪನಿಯ 8.6 ಕೂರಬೇಕೆಂದೇನಿಲ್ಲ. ಅದಕ್ಕೇ ಲೆನ್ಸ್ ಹಾಕಿಸಿ, ಕಣ್ಣು ಮಿಟುಕಿಸಲು ಹೇಳಿ, ಅದು ಎಷ್ಟು ಜಾರುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದೇ ಫಿಟ್ಟಿಂಗ್. ಅನೇಕ ಕಡೆ ಕಣ್ಣಿನ ಪರೀಕ್ಷೆಗೆ ಒಂದು ಶುಲ್ಕ, ಫಿಟ್ಟಿಂಗ್‌ಗೆ ಇನ್ನೊಂದು. ಹೊತ್ತು ಗೊತ್ತುಮಾಡುವಾಗಲೇ 'ಫಿಟ್ಟಿಂಗ್ ಸೇರಿದೆಯಾ?' ಎಂದು ಕೇಳಿಬಿಡಿ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಕೆಲವೆಡೆ ಹಳೆಯ ಡಬ್ಬಿ ತೋರಿಸಿದರೂ ಕೊಡುತ್ತಾರೆ. ಅಮೆರಿಕದಲ್ಲಿ ಬಣ್ಣಕ್ಕಾಗಿ ಹಾಕುವ ಪವರ್ ಇಲ್ಲದ ಲೆನ್ಸ್‌ಗೂ ಚೀಟಿ ಬೇಕು. ಆದರೆ ಅಲ್ಲಿ 2004ರಿಂದ ಇರುವ ನಿಯಮದ ಪ್ರಕಾರ, ಫಿಟ್ಟಿಂಗ್ ಮುಗಿದ ಮೇಲೆ ಕೇಳದಿದ್ದರೂ ಚೀಟಿಯನ್ನು ನಿಮ್ಮ ಕೈಗೆ ಕೊಡಲೇಬೇಕು. ಲೆನ್ಸನ್ನು ಅವರಲ್ಲೇ ಕೊಳ್ಳಬೇಕೆಂಬ ಕಟ್ಟುಪಾಡಿಲ್ಲ. ನೀವಿರುವ ದೇಶ ಯಾವುದಾದರೂ ಚೀಟಿ ಕೇಳಿ ಇಸ್ಕೊಳ್ಳಿ.

ಚೀಟಿ ಓದುವಾಗ ಮೈನಸ್ಸಿನ ಮೇಲೆ ಕಣ್ಣಿರಲಿ. ಇದು ನನ್ನ ಸ್ವಂತ ಪೆಟ್ಟು. ಓದಲು ಹೊರದೇಶದಲ್ಲಿದ್ದಾಗ ನನ್ನ ನಂಬರನ್ನು ಕಾಗದದಲ್ಲಿ ಬರೆದು ಅಂಗಡಿಗೆ ಕಳಿಸಿದ್ದೆ. 'ಪವರ್' ಎಂದು ಬರೆದು, ಒಂದು ಗೆರೆ ಎಳೆದು, 3.25. ಆ ಗೆರೆ ಮೈನಸ್ ಎಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಾಗಲಿಲ್ಲ. ಪ್ಲಸ್ 3.25 ಬಂತು. ಹಾಕಿಕೊಂಡೆ, ಕನ್ನಡಿಯಲ್ಲಿದ್ದ ನನ್ನ ಮುಖವೇ ಮಾಯ! ಅಂಗೈ ಗೆರೆ ನೋಡಲು ಕೈಯನ್ನು ಮೂಗಿನ ತನಕ ತರಬೇಕಾಯಿತು. ಡಬ್ಬಿ ಒಡೆದದ್ದರಿಂದ ವಾಪಸೂ ತೆಗೆದುಕೊಳ್ಳಲಿಲ್ಲ. ಅಂದಿನಿಂದ 'ಮೈನಸ್' ಎಂದು ಅಕ್ಷರದಲ್ಲೇ ಬರೆಯುತ್ತೇನೆ.

ಇನ್ನು ಎಳೆಯುವ ಮಾತು. ಬೇಡ. ತಿಂಗಳ ಲೆನ್ಸ್ ಎಂದರೆ ಮೂವತ್ತು ಸಲ ಹಾಕುವುದಲ್ಲ, ತೆರೆದ ದಿನದಿಂದ ಒಂದು ತಿಂಗಳು. ನಡುವೆ ಹತ್ತು ದಿನ ಹಾಕದಿದ್ದರೂ ಆ ಹತ್ತು ದಿನ ಲೆಕ್ಕಕ್ಕೆ ಸೇರುತ್ತದೆ. ಅವಧಿ ಮುಗಿದರೆ ಕನ್ನಡಕ ಹಾಕಿ. ದ್ರಾವಣ ಖಾಲಿಯಾಯಿತೆಂದು ನಲ್ಲಿ ನೀರಿನಲ್ಲಂತೂ ತೊಳೆಯಬೇಡಿ. ಅದರಲ್ಲಿರಬಹುದಾದ ಅಕಾಂತಮೀಬಾ ಎಂಬ ಜೀವಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯನ್ನೇ ತಿನ್ನುತ್ತದೆ. ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ ಲೆನ್ಸ್ ತೆಗೆದು ಅಂದೇ ವೈದ್ಯರ ಬಳಿ ಹೋಗಿ. ಆ ಲೆನ್ಸ್, ಅದನ್ನು ನೆನೆಸಿಡುವ ಡಬ್ಬಿ ಎರಡನ್ನೂ ಒಯ್ಯಿರಿ.

ಫಿಟ್ಟಿಂಗ್‌ಗೆ ಹೋಗುವಾಗ ಕಣ್ಣಲ್ಲಿ ಲೆನ್ಸ್ ಇರಲಿ, ಚೀಲದಲ್ಲಿ ಕನ್ನಡಕ ಇರಲಿ. ಲೆನ್ಸ್ ತೇಲುವ ಪುಟ್ಟ ಬಟ್ಟಲಿನ ಮೇಲಿನ ಹಾಳೆಯಲ್ಲಿ ಪವರ್, ಬೇಸ್ ಕರ್ವ್, ಅಗಲ, ಕಂಪನಿ ಹೆಸರು ಎಲ್ಲ ಅಚ್ಚಾಗಿರುತ್ತದೆ. ಕೊನೆಯ ಜೊತೆ ತೆರೆದ ಮೇಲೆ ಆ ಹಾಳೆಯನ್ನು ಕಸಕ್ಕೆ ಹಾಕಿಲ್ಲ ತಾನೇ? ಎರಡೂ ಕಣ್ಣಿನದರ ಫೋಟೊ ತೆಗೆದಿಡಿ.